ಮಿಶ್ರಣದ ಕೆಂಪು ವೈನ್: ರುಚಿ ಪರೀಕ್ಷೆ ಮತ್ತು ಊಟದೊಡನೆ ಹೊಂದಾಣಿಕೆ

ಒಣಮೆಣಸಿನಕಾಯಿ, ಶೇಂಗಾ, ಈರುಳ್ಳಿ, ಹತ್ತಿ ಮೊದಲಾದ ನಮ್ಮ ಭಾಗದ ಉತ್ಪನ್ನಗಳ ವ್ಯಾಪಾರವು ಇಂದು ಮಾರುಕಟ್ಟೆ ಪ್ರಾಂಗಣಕ್ಕಷ್ಟೇ ಸೀಮಿತವಾಗಿ ಉಳಿದಿಲ್ಲ. ಖರೀದಿದಾರರು ಹೊರರಾಜ್ಯಗಳಿಂದಲೂ ಹೊರದೇಶಗಳಿಂದಲೂ ಬರುತ್ತಾರೆ. ಮಾಲು ನೋಡುವ ಹಾಗೂ ದರ ನಿಗದಿಪಡಿಸುವ ಕೆಲಸ ಹಗಲಿನಲ್ಲಿ ಮುಗಿದರೂ ಪರಸ್ಪರ ವಿಶ್ವಾಸ ಕುದುರುವುದು ಹಲವು ಬಾರಿ ರಾತ್ರಿಯ ಊಟದ ಸಮಯದಲ್ಲಿ. ಆ ಊಟಕ್ಕೆ ವೈನ್ ತರಿಸುವ ಪ್ರಸಂಗ ಈಗ ಅಪರೂಪವಲ್ಲ. ಆದರೆ ಅದರ ಗುಣವನ್ನು ಪರೀಕ್ಷಿಸುವ ಕ್ರಮವಾಗಲಿ, ಯಾವ ಅಡುಗೆಯೊಡನೆ ಅದು ಹೊಂದುತ್ತದೆ ಎಂಬ ವಿಚಾರವಾಗಲಿ ವರ್ತಕ ವಲಯದಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾಗುತ್ತದೆ. ಗದಗ ತಾಲೂಕಿನ ಸೊರಟೂರಿನ ಮೆಣಸಿನಕಾಯಿ ವರ್ತಕರೊಬ್ಬರು ಮೇ ತಿಂಗಳಲ್ಲಿ ಫ್ರಾನ್ಸಿನ ಮಸಾಲೆ ಪದಾರ್ಥಗಳ ಆಮದುದಾರರೊಬ್ಬರನ್ನು ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಊಟಕ್ಕೆ ಆಹ್ವಾನಿಸಿದ್ದಾರೆ ಎಂದಿಟ್ಟುಕೊಳ್ಳಬಹುದು. ಅತಿಥಿಯ ದೇಶದ್ದೇ ಆಗಲೆಂದು ಬೋರ್ಡೊ ಪ್ರಾಂತದ ಬೆಲೆಬಾಳುವ ಕೆಂಪು ವೈನ್ ತರಿಸುತ್ತಾರೆ. ಬಾಟಲಿಯು ಬೇಸಿಗೆಯ ಕೋಣೆಯ ಬಿಸಿಯಲ್ಲೇ ಮೇಜಿಗೆ ಬರುತ್ತದೆ. ಜೊತೆಗೆ ನಮ್ಮ ಊರಿನ ಹೆಮ್ಮೆಯೆಂದು ಬಿಸಿ ಮಿರ್ಚಿ ಭಜಿ. ಮೊದಲ ಗುಟುಕಿಗೇ ವೈನ್ ಕಹಿಯಾಗಿ, ಗಂಟಲು ಸುಡುವಂತೆ ತೋರುತ್ತದೆ. ಅತಿಥಿ ಸೌಜನ್ಯಕ್ಕಾಗಿ ಮುಗುಳ್ನಕ್ಕು ಲೋಟವನ್ನು ಪಕ್ಕಕ್ಕಿಡುತ್ತಾರೆ. ಆತಿಥೇಯರು ಇಷ್ಟು ಹಣ ತೆತ್ತರೂ ಮಾಲು ಕಳಪೆಯಾಯಿತೆಂದು ಮನಸ್ಸಿನಲ್ಲೇ ನೊಂದುಕೊಳ್ಳುತ್ತಾರೆ.

ವಾಸ್ತವದಲ್ಲಿ ಇಲ್ಲಿ ವೈನಿನ ದೋಷವೂ ಇಲ್ಲ, ಭಜಿಯ ದೋಷವೂ ಇಲ್ಲ. ದೋಷವಿರುವುದು ಅವೆರಡನ್ನು ಜೊತೆಗೂಡಿಸಿದ ರೀತಿಯಲ್ಲಿ ಮತ್ತು ಬಡಿಸಿದ ಉಷ್ಣತೆಯಲ್ಲಿ. ಇದನ್ನು ಅರಿಯಲು ವಿಶೇಷ ಪಾಂಡಿತ್ಯ ಬೇಕಿಲ್ಲ. ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದು ಬಣ್ಣ, ವಾಸನೆ, ಖಾರ ಮತ್ತು ತೇವಾಂಶಗಳನ್ನು ಅಂದಾಜಿಸಿ ದರ ಹೇಳಬಲ್ಲ ವರ್ತಕನಿಗೆ ವೈನ್ ಪರೀಕ್ಷೆಯ ಮುಕ್ಕಾಲು ಪಾಲು ಈಗಾಗಲೇ ತಿಳಿದಿದೆ ಎನ್ನಬಹುದು.

ಬೋರ್ಡೊ ವಾಣಿಜ್ಯ ಸಂಸ್ಥೆಯ ಪಟ್ಟಿ

ಜಗತ್ತಿನ ಅತಿ ಪ್ರಸಿದ್ಧ ವೈನ್ ಶ್ರೇಣಿಯ ಪಟ್ಟಿ ಸಿದ್ಧವಾದದ್ದು ಒಂದು ವಾಣಿಜ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ಎಂಬುದು ವರ್ತಕರಿಗೆ ಕುತೂಹಲಕರ ಸಂಗತಿ. 1855ರಲ್ಲಿ ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಆಳ್ವಿಕೆಯಲ್ಲಿ ಪ್ಯಾರಿಸ್ ನಗರದಲ್ಲಿ ಅಂತಾರಾಷ್ಟ್ರೀಯ ಪ್ರದರ್ಶನವೊಂದು ನಡೆಯಿತು. ಅದಕ್ಕಾಗಿ ಬೋರ್ಡೊ ನಗರದ ವಾಣಿಜ್ಯ ಸಂಸ್ಥೆಯು ತನ್ನ ಪ್ರಾಂತದ ವೈನ್‌ಗಳ ಶ್ರೇಣೀಕೃತ ಪಟ್ಟಿಯನ್ನು ಒದಗಿಸುವಂತೆ ದಲಾಲರ ಸಂಘವನ್ನು ಕೇಳಿತು. ದಲಾಲರು 1855ರ ಏಪ್ರಿಲ್ 18ರಂದು ಪಟ್ಟಿ ಸಲ್ಲಿಸಿದರು. ಅದಕ್ಕಾಗಿ ಅವರು ಹೊಸದಾಗಿ ರುಚಿ ಪರೀಕ್ಷೆಯ ಸ್ಪರ್ಧೆ ನಡೆಸಲಿಲ್ಲ. ಮಾರುಕಟ್ಟೆಯಲ್ಲಿ ಅನೇಕ ವರ್ಷಗಳಿಂದ ಯಾವ ತೋಟದ ಮಾಲಿಗೆ ಎಷ್ಟು ದರ ದೊರೆಯುತ್ತಿತ್ತು ಎಂಬುದನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಕೆಂಪು ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಮೊದಲ ದರ್ಜೆಯಲ್ಲಿ ಲಾಫಿತ್, ಲಾತೂರ್, ಮಾರ್ಗೊ ಮತ್ತು ಓ-ಬ್ರಿಯೋಂ ಎಂಬ ನಾಲ್ಕು ತೋಟಗಳು ಮಾತ್ರ ಇದ್ದವು. 1973ರಲ್ಲಿ ಮೂತೋಂ ರಾತ್‌ಶೀಲ್ಡ್ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿತು. ಇದನ್ನು ಬಿಟ್ಟರೆ ಒಂದೂವರೆ ಶತಮಾನಕ್ಕೂ ಮೀರಿದ ಅವಧಿಯಲ್ಲಿ ಆ ಪಟ್ಟಿಯ ಶ್ರೇಣಿಗಳು ಬಹುತೇಕ ಹಾಗೆಯೇ ಉಳಿದಿವೆ.

ಇದರಿಂದ ಎರಡು ಪಾಠಗಳಿವೆ. ದೀರ್ಘಕಾಲದ ದರವು ಗುಣಮಟ್ಟದ ಒಂದು ಸಾಕ್ಷಿ ಎಂಬುದು ಮೊದಲನೆಯದು. ಆದರೆ ದರವೇ ರುಚಿಯಲ್ಲ ಎಂಬುದು ಎರಡನೆಯದು. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಬಾಟಲಿಯ ಗುರುತು ಮರೆಮಾಡಿ ನಡೆಸಿದ ಪರೀಕ್ಷೆಯೊಂದರಲ್ಲಿ ಫ್ರಾನ್ಸಿನ ಪರೀಕ್ಷಕರೇ ಅಮೆರಿಕದ ಕ್ಯಾಲಿಫೋರ್ನಿಯದ ಕೆಂಪು ವೈನ್‌ಗೆ ಬೋರ್ಡೊದ ಹೆಸರಾಂತ ವೈನ್‌ಗಳಿಗಿಂತ ಹೆಚ್ಚು ಅಂಕ ನೀಡಿದರು. ಹೆಸರು ಕಾಣದಿದ್ದಾಗ ನಾಲಿಗೆ ತನ್ನ ತೀರ್ಪನ್ನು ತಾನೇ ಕೊಡುತ್ತದೆ. ಮಾರುಕಟ್ಟೆಯಲ್ಲಿ ಮುಚ್ಚಿದ ಟೆಂಡರ್ ಪದ್ಧತಿ ಬೆಳೆದದ್ದರ ಹಿಂದಿನ ನ್ಯಾಯವೂ ಇದೇ.

ಮಿಶ್ರಣ ಮಾಡುವುದು ಏಕೆ?

ಮಿಶ್ರಣವೆಂದರೆ ಕಲಬೆರಕೆ ಎಂಬ ಶಂಕೆ ಕೆಲವರಲ್ಲಿದೆ. ಮೆಣಸಿನಪುಡಿ ತಯಾರಕರ ರೂಢಿಯನ್ನು ನೆನೆದರೆ ಈ ಶಂಕೆ ದೂರವಾಗುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂಬುದು ಆ ಉದ್ಯಮದ ಸಾಮಾನ್ಯ ನಿಯಮ. ಬ್ಯಾಡಗಿ ಕಾಯಿಯಲ್ಲಿ ಗಾಢವಾದ ಕೆಂಪು ಬಣ್ಣವಿದ್ದು ಖಾರ ಕಡಿಮೆ. ಗುಂಟೂರು ಕಾಯಿಯಲ್ಲಿ ಖಾರ ಹೆಚ್ಚು. ಎರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದಾಗ ಒಂದೊಂದೇ ಕೊಡಲಾರದ ಪುಡಿ ದೊರೆಯುತ್ತದೆ. ಬೋರ್ಡೊದ ಮಿಶ್ರಣವೂ ಇದೇ ತತ್ತ್ವದ ಮೇಲೆ ನಿಂತಿದೆ.

ಅಲ್ಲಿನ ಮುಖ್ಯ ತಳಿಗಳು ಎರಡು. ಕ್ಯಾಬರ್ನೆ ಸೋವಿನ್ಯೋಂ ಎಂಬುದು ಚಿಕ್ಕ ಕಾಯಿಯ, ದಪ್ಪ ಸಿಪ್ಪೆಯ, ತಡವಾಗಿ ಮಾಗುವ ತಳಿ. ಇದು ವೈನಿಗೆ ಬಣ್ಣ, ಒಗರು ಮತ್ತು ಬಾಳಿಕೆಯನ್ನು ಕೊಡುತ್ತದೆ. ಮೆರ್ಲೊ ಎಂಬುದು ಬೇಗ ಚಿಗುರಿ ಬೇಗ ಮಾಗುವ ತಳಿ. ಇದರಿಂದ ಮೃದುತ್ವ ಮತ್ತು ಹಣ್ಣಿನ ತುಂಬುತನ ಬರುತ್ತದೆ. ಇವುಗಳೊಡನೆ ಕ್ಯಾಬರ್ನೆ ಫ್ರಾಂ, ಪೆತಿ ವೆರ್ದೊ, ಮಾಲ್ಬೆಕ್ ತಳಿಗಳನ್ನು ಅಲ್ಪ ಪ್ರಮಾಣದಲ್ಲಿ ಸೇರಿಸುವುದುಂಟು. ನದಿಯ ಎಡದಂಡೆಯ ತೋಟಗಳಲ್ಲಿ ಕ್ಯಾಬರ್ನೆಯ ಪಾಲು ಹೆಚ್ಚು, ಬಲದಂಡೆಯಲ್ಲಿ ಮೆರ್ಲೊದ ಪಾಲು ಹೆಚ್ಚು.

ರುಚಿಯ ಜೊತೆಗೆ ಇಲ್ಲೊಂದು ಲೆಕ್ಕಾಚಾರವೂ ಇದೆ. ವಸಂತದಲ್ಲಿ ಹಿಮ ಬಿದ್ದರೆ ಬೇಗ ಚಿಗುರಿದ ಮೆರ್ಲೊಗೆ ಪೆಟ್ಟು. ಶರತ್ಕಾಲದಲ್ಲಿ ಮಳೆಯಾದರೆ ತಡವಾಗಿ ಮಾಗುವ ಕ್ಯಾಬರ್ನೆಗೆ ಪೆಟ್ಟು. ಎರಡನ್ನೂ ಬೆಳೆದವನು ಒಂದು ಕೈ ಬಿಟ್ಟರೂ ಇನ್ನೊಂದು ಕೈ ಹಿಡಿಯುತ್ತದೆಂಬ ಧೈರ್ಯದಲ್ಲಿರುತ್ತಾನೆ. ಎರೆಹೊಲದಲ್ಲಿ ಮೆಣಸಿನಕಾಯಿ, ಈರುಳ್ಳಿ, ಹತ್ತಿಗಳನ್ನು ಒಟ್ಟಿಗೇ ಹಾಕುವ ನಮ್ಮ ರೈತನ ಜಾಣ್ಮೆಯೂ ಇಂಥದೇ.

ಫ್ರಾನ್ಸಿನ ದಕ್ಷಿಣದ ರೋನ್ ಕಣಿವೆಯಲ್ಲಿ ತಳಿಗಳು ಬೇರೆ. ಅಲ್ಲಿ ಗ್ರನಾಶ್, ಸಿರಾ ಮತ್ತು ಮೂರ್ವೆದ್ರ್ ತಳಿಗಳನ್ನು ಬೆರೆಸುತ್ತಾರೆ. ಅವು ಬಿಸಿಲು ಹೆಚ್ಚಾದ ಸೀಮೆಯ ವೈನ್‌ಗಳಾದ್ದರಿಂದ ಮದ್ಯಸಾರದ ಪ್ರಮಾಣ ಹೆಚ್ಚಿದ್ದು, ಕರಿಮೆಣಸಿನ ವಾಸನೆಯ ಛಾಯೆಯೂ ಕಾಣಬಹುದು. ಸಿರಾ ತಳಿಯನ್ನೇ ಆಸ್ಟ್ರೇಲಿಯ ಮತ್ತು ಭಾರತಗಳಲ್ಲಿ ಶಿರಾಜ್ ಎನ್ನುತ್ತಾರೆ.

ಕರ್ನಾಟಕದಲ್ಲಿ ಇದೇ ವಿದ್ಯೆ

ಈ ಫ್ರೆಂಚ್ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಕನ್ವಲ್ ಗ್ರೋವರ್ ಅವರು 1988ರಲ್ಲಿ ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ವಿನ್ಯಾರ್ಡ್ಸ್ ಸಂಸ್ಥೆಯನ್ನು ಸ್ಥಾಪಿಸಿ ಫ್ರೆಂಚ್ ತಳಿಗಳ ಬೇಸಾಯಕ್ಕೆ ಕೈಹಾಕಿದರು. 1990ರ ದಶಕದ ಮಧ್ಯಭಾಗದಿಂದ ಬೋರ್ಡೊ ಪ್ರಾಂತದ ಹೆಸರಾಂತ ತಜ್ಞ ಮಿಶೆಲ್ ರೋಲಾಂ ಅವರ ಸಲಹೆ ಸಂಸ್ಥೆಗೆ ದೊರೆಯಿತು. ಅಲ್ಲಿಂದ ಹೊರಬಂದ ‘ಲಾ ರೆಸರ್ವ್’ ಎಂಬ ಕೆಂಪು ವೈನ್ ಕ್ಯಾಬರ್ನೆ ಸೋವಿನ್ಯೋಂ ಮತ್ತು ಶಿರಾಜ್ ತಳಿಗಳ ಮಿಶ್ರಣ. ಅಂದರೆ ಬೋರ್ಡೊದ ತಳಿಯೊಂದಕ್ಕೆ ರೋನ್ ಕಣಿವೆಯ ತಳಿಯನ್ನು ಜೊತೆಗೂಡಿಸಿ ಓಕ್ ಪೀಪಾಯಿಯಲ್ಲಿ ಮಾಗಿಸಿದ್ದು. 2012ರಲ್ಲಿ ಸಂಸ್ಥೆಯು ಮಹಾರಾಷ್ಟ್ರದ ಇನ್ನೊಂದು ಸಂಸ್ಥೆಯೊಡನೆ ವಿಲೀನಗೊಂಡು ಗ್ರೋವರ್ ಝಂಪಾ ಎಂಬ ಹೆಸರು ಪಡೆಯಿತು.

ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ಇದರ ಅನುಸಾರ ದ್ರಾಕ್ಷಾರಸ ಮಂಡಳಿಯೂ ಅಸ್ತಿತ್ವಕ್ಕೆ ಬಂತು. ಗದಗ ಜಿಲ್ಲೆಗೆ ಹೊಂದಿಕೊಂಡ ಕೊಪ್ಪಳ ಜಿಲ್ಲೆಯಲ್ಲಿಯೂ ಕ್ರಿಸ್ಮಾ ಎಸ್ಟೇಟ್ಸ್ ಸಂಸ್ಥೆಯು ‘ಹಂಪಿ ಹಿಲ್ಸ್’ ಎಂಬ ಗುರುತಿನಲ್ಲಿ ಕ್ಯಾಬರ್ನೆ ಸೋವಿನ್ಯೋಂ ಬೆಳೆದು ವೈನ್ ತಯಾರಿಸುತ್ತಿದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ದ್ರಾಕ್ಷಿಯ ಬಹುಪಾಲು ತಿನ್ನುವ ಹಣ್ಣಿಗೆ ಮತ್ತು ಒಣದ್ರಾಕ್ಷಿಗೆ ಹೋಗುತ್ತದೆ. ಆ ತಳಿಗಳಿಂದ ಇಂಥ ಮೈತುಂಬಿದ ಕೆಂಪು ವೈನ್ ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಹವಾಮಾನದ ವ್ಯತ್ಯಾಸವೂ ಇದೆ. ಫ್ರಾನ್ಸಿನಲ್ಲಿ ಕೊಯ್ಲು ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ತಂಪಿನಲ್ಲಿ. ನಮ್ಮಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಬಾರಿ ಕತ್ತರಿಸಿ, ಮುಖ್ಯವಾಗಿ ಫೆಬ್ರವರಿ-ಮಾರ್ಚ್ ವೇಳೆಗೆ, ಬಿಸಿಲು ಏರುವಾಗ ಕೊಯ್ಲು ಮಾಡಲಾಗುತ್ತದೆ.

ಪರೀಕ್ಷೆಗೆ ಮುನ್ನ: ಉಷ್ಣತೆ ಮತ್ತು ಗಾಳಿ

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕು ಎಂಬ ಮಾತು ಯೂರೋಪಿನ ಹಳೆಯ, ತಣ್ಣನೆಯ ಮನೆಗಳನ್ನು ನೋಡಿ ಹುಟ್ಟಿದ್ದು. ಅದರ ನಿಜವಾದ ಅರ್ಥ 16ರಿಂದ 18 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ 35 ಡಿಗ್ರಿ ದಾಟುವ ನಮ್ಮ ಭಾಗದಲ್ಲಿ ಈ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಮದ್ಯಸಾರದ ಕಾವೊಂದೇ ಮುಂದೆ ಬಂದು ಹಣ್ಣಿನ ವಾಸನೆ ಮುಚ್ಚಿಹೋಗುತ್ತದೆ. ಆದ್ದರಿಂದ ಬಾಟಲಿಯನ್ನು ಸುಮಾರು ಒಂದೂವರೆ ಗಂಟೆ ಫ್ರಿಜ್‌ನಲ್ಲಿ, ಇಲ್ಲವೇ ಮಂಜುಗಡ್ಡೆ ಹಾಕಿದ ನೀರಿನಲ್ಲಿ 15ರಿಂದ 20 ನಿಮಿಷ ಇಡುವುದು ಅಗತ್ಯ. ಅತಿಯಾಗಿ ತಣ್ಣಗಾದರೂ ಒಗರು ಹೆಚ್ಚಿ ಕಾಣುತ್ತದೆ.

ಎಳೆಯ ವೈನನ್ನು ಅಗಲ ಬಾಯಿಯ ಗಾಜಿನ ಹೂಜಿಗೆ ಸುರಿದು ಅರ್ಧದಿಂದ ಒಂದು ಗಂಟೆ ಬಿಟ್ಟರೆ ಗಾಳಿಯ ಸಂಪರ್ಕದಿಂದ ವಾಸನೆ ಅರಳುತ್ತದೆ. ಹಳೆಯ ವೈನಿನ ತಳದಲ್ಲಿ ಗಸಿ ಕೂಡಿರುವುದುಂಟು. ಅದು ದೋಷವಲ್ಲ. ನಿಧಾನವಾಗಿ ಬಸಿದು ಗಸಿಯನ್ನು ಬಾಟಲಿಯಲ್ಲೇ ಬಿಡಬೇಕು. ಲೋಟವನ್ನು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು. ಮೇಲಿನ ಖಾಲಿ ಜಾಗವೇ ವಾಸನೆಯ ಉಗ್ರಾಣ.

ಪರೀಕ್ಷೆಯ ಕ್ರಮ

ಮೊದಲನೆಯದು ನೋಟ. ಬಿಳಿಯ ಹಾಳೆಯ ಮೇಲೆ ಲೋಟವನ್ನು ಓರೆಮಾಡಿ ನೋಡಬೇಕು. ಎಳೆಯ ವೈನಿನ ಅಂಚು ನೇರಳೆ, ಮಾಗಿದ ವೈನಿನ ಅಂಚು ಇಟ್ಟಿಗೆಯ ಬಣ್ಣ. ಎಳೆಯದಾಗಿಯೂ ಕಂದು ಬಣ್ಣಕ್ಕೆ ತಿರುಗಿದ್ದರೆ ಗಾಳಿ ಅಥವಾ ಬಿಸಿಯಿಂದ ಕೆಟ್ಟಿರುವ ಸಂಭವವಿದೆ.

ಎರಡನೆಯದು ವಾಸನೆ. ಲೋಟವನ್ನು ಮೆಲ್ಲಗೆ ತಿರುಗಿಸಿ ಮೂಗಿಗೆ ಹಿಡಿಯಬೇಕು. ಕ್ಯಾಬರ್ನೆಯಲ್ಲಿ ಕಪ್ಪು ಹಣ್ಣುಗಳ, ಕೆಲವೊಮ್ಮೆ ದೊಣ್ಣೆಮೆಣಸಿನಕಾಯಿಯ ವಾಸನೆ ಇರುತ್ತದೆ. ನಮ್ಮ ನಾಲಿಗೆಗೆ ನೇರಳೆ ಹಣ್ಣಿನ ನೆನಪಾದರೆ ಅದೂ ಸರಿಯಾದ ವರ್ಣನೆಯೇ. ಓಕ್ ಪೀಪಾಯಿಯಿಂದ ವೆನಿಲ್ಲಾ, ಲವಂಗ, ಹೊಗೆಯ ವಾಸನೆ ಬರುತ್ತದೆ. ಬೋರ್ಡೊದ ರೂಢಿಯ ಪೀಪಾಯಿ 225 ಲೀಟರಿನದು, ಅಂದರೆ 750 ಮಿಲಿಲೀಟರಿನ 300 ಬಾಟಲಿಗಳಷ್ಟು.

ದೋಷಗಳನ್ನು ಹಿಡಿಯುವುದೂ ಈ ಹಂತದಲ್ಲಿಯೇ. ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಗೋಣಿಚೀಲದ ವಾಸನೆ ಬಂದರೆ ಬಿರಡೆಯ ಮೂಲಕ ವೈನ್ ಕೆಟ್ಟಿದೆ ಎಂದರ್ಥ. ಈ ವಾಸನೆಯನ್ನು ಗೋದಾಮಿನ ವರ್ತಕರಿಗೆ ಯಾರೂ ಪರಿಚಯಿಸಬೇಕಿಲ್ಲ. ವಿನೆಗರ್‌ನ ಘಾಟು ಇದ್ದರೆ ಹುಳಿತಿರುತ್ತದೆ. ಹೋಟೆಲಿನ ಪರಿಚಾರಕರು ಮೊದಲು ಆತಿಥೇಯರ ಲೋಟಕ್ಕೆ ಸ್ವಲ್ಪವೇ ಸುರಿದು ಕಾಯುವುದು ಈ ದೋಷಗಳ ಪರಿಶೀಲನೆಗಾಗಿ. ಅದು ‘ಇಷ್ಟವಾಯಿತೇ’ ಎಂಬ ಪ್ರಶ್ನೆಯಲ್ಲ, ‘ಮಾಲು ಸರಿಯಿದೆಯೇ’ ಎಂಬ ಪ್ರಶ್ನೆ. ದೋಷವಿದ್ದರೆ ಬಾಟಲಿಯನ್ನು ಹಿಂದಿರುಗಿಸಲು ಸಂಕೋಚ ಬೇಡ.

ಮೂರನೆಯದು ಬಾಯಿ. ಸಣ್ಣ ಗುಟುಕನ್ನು ನಾಲಿಗೆಯ ಮೇಲೆಲ್ಲ ಹರಡಿ ಐದು ಬಾಬುಗಳನ್ನು ಗಮನಿಸಬೇಕು.

1. ಒಗರು: ಚಿಗುರು ಅಡಿಕೆ ಅಥವಾ ದಾಳಿಂಬೆಯ ಸಿಪ್ಪೆ ಅಗಿದಾಗ ಒಸಡು ಬಿಗಿಯುವ ಅನುಭವ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದ ಟ್ಯಾನಿನ್ ಎಂಬ ಅಂಶ ಇದಕ್ಕೆ ಕಾರಣ. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿ ಬಾಯಿಯನ್ನು ಒಣಗಿಸುತ್ತದೆ.

2. ಹುಳಿ: ನುಂಗಿದ ಬಳಿಕ ಬಾಯಲ್ಲಿ ನೀರೂರಿದರೆ ಹುಳಿ ತಕ್ಕಷ್ಟಿದೆ.

3. ಕಾವು: ಗಂಟಲಿನಲ್ಲಿ ತೋರುವ ಮದ್ಯಸಾರದ ಬಿಸಿ. ಇಂಥ ವೈನ್‌ಗಳಲ್ಲಿ ಅದು ಸಾಮಾನ್ಯವಾಗಿ ಶೇಕಡಾ 13ರಿಂದ 14.5.

4. ಮೈ: ಕೆನೆ ತೆಗೆದ ಹಾಲಿಗೂ ಗಟ್ಟಿ ಎಮ್ಮೆ ಹಾಲಿಗೂ ಬಾಯಲ್ಲಿ ತೋರುವ ತೂಕದ ವ್ಯತ್ಯಾಸ. ಮೈತುಂಬಿದ ವೈನ್ ಎರಡನೆಯದರಂತೆ.

5. ಬಾಳಿಕೆ: ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು. ಒಳ್ಳೆಯದು ನಿಧಾನವಾಗಿ ಕರಗುತ್ತದೆ, ಸಾಧಾರಣದ್ದು ಕೂಡಲೇ ಮಾಯವಾಗುತ್ತದೆ.

ಈ ಐದರಲ್ಲಿ ಯಾವುದೊಂದೂ ಉಳಿದವನ್ನು ತುಳಿಯದಿದ್ದರೆ ವೈನ್ ಸಮತೋಲದಲ್ಲಿದೆ. ತಾಳೆಯಾಗದ ಲೆಕ್ಕಪಟ್ಟಿಯಂತೆ, ಒಂದು ಬಾಬು ಎದ್ದು ಕಂಡರೆ ಕಾರಣ ಹುಡುಕಬೇಕು. ಆದರೆ ಆ ಕಾರಣ ಕೆಲವೊಮ್ಮೆ ಬಾಟಲಿಯಲ್ಲಿರದೆ ತಟ್ಟೆಯಲ್ಲಿರುತ್ತದೆ.

ಊಟದ ಹೊಂದಾಣಿಕೆ

ಕೆಂಪು ವೈನಿಗೆ ಮಾಂಸ, ಬಿಳಿಗೆ ಮೀನು ಎಂಬ ಪಾಶ್ಚಾತ್ಯ ಸೂತ್ರ ಖಾರವಿಲ್ಲದ ಅಡುಗೆಗೆ ರೂಪುಗೊಂಡದ್ದು. ನಮ್ಮ ಊಟದಲ್ಲಿ ನಿರ್ಣಾಯಕವಾದದ್ದು ಸಸ್ಯಾಹಾರವೋ ಮಾಂಸಾಹಾರವೋ ಎಂಬುದಲ್ಲ. ಖಾರ, ಉಪ್ಪು, ಜಿಡ್ಡು ಮತ್ತು ಸಿಹಿಗಳ ಪ್ರಮಾಣವೇ ನಿರ್ಣಾಯಕ.

ವೈನ್ ಮುಟ್ಟದವರೂ ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹಾಲು, ಸಕ್ಕರೆ ಹಾಕದ ಕಡು ಚಹಾ ಡಿಕಾಕ್ಷನ್ ಆರಿಸಿ ಒಂದು ಗುಟುಕು ಕುಡಿದರೆ ಬಾಯಿ ಒಗರಾಗುತ್ತದೆ. ಉಪ್ಪು ಹಾಕಿ ಹುರಿದ ನಾಲ್ಕು ಶೇಂಗಾ ಅಗಿದು ಮತ್ತೊಂದು ಗುಟುಕು ಕುಡಿದರೆ ಅದೇ ಡಿಕಾಕ್ಷನ್ ಮೃದುವಾಗುತ್ತದೆ. ಹಸಿಮೆಣಸಿನಕಾಯಿ ಕಚ್ಚಿ ಕುಡಿದರೆ ಅದೇ ಒರಟಾಗುತ್ತದೆ. ಸಿಹಿ ತಿಂದು ಕುಡಿದರೆ ಕಹಿಯಾಗುತ್ತದೆ. ಹಾಲು ಹಾಕಿದ ಚಹಾ ಒಗರಾಗದಿರುವುದಕ್ಕೂ ಹಾಲಿನ ಪ್ರೋಟೀನು ಟ್ಯಾನಿನ್ನನ್ನು ಹಿಡಿದಿಡುವುದೇ ಕಾರಣ. ಹೊಂದಾಣಿಕೆಯ ಶಾಸ್ತ್ರವೆಲ್ಲ ಈ ನಾಲ್ಕು ಗುಟುಕುಗಳಲ್ಲಿ ಅಡಗಿದೆ.

ಖಾರ ಮತ್ತು ಮದ್ಯಸಾರಗಳು ಪರಸ್ಪರ ಬೆಂಕಿ ಹೆಚ್ಚಿಸುವುದೇಕೆ ಎಂಬುದಕ್ಕೆ ದೇಹಶಾಸ್ತ್ರದ ಆಧಾರವಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ಬಿಸಿಯನ್ನು ಗುರುತಿಸುವ ನರಗ್ರಾಹಕವನ್ನೇ ಕೆರಳಿಸುತ್ತದೆ. ಮದ್ಯಸಾರವೂ ಅದೇ ಗ್ರಾಹಕದ ಮೇಲೆ ಕೆಲಸ ಮಾಡುತ್ತದೆ. ಆದ್ದರಿಂದ ಶೇಕಡಾ 14ರ ವೈನ್ ಖಾರದ ಬಾಯಿಗೆ ಉರಿಯುವ ಒಲೆಗೆ ಎಣ್ಣೆ ಸುರಿದಂತೆ. ಅದರ ಮೇಲೆ ಟ್ಯಾನಿನ್ ಬಾಯಿಯನ್ನು ಒಣಗಿಸುತ್ತದೆ.

ಈ ದೃಷ್ಟಿಯಿಂದ ನಮ್ಮ ಭಾಗದ ಪದಾರ್ಥಗಳನ್ನು ಹೀಗೆ ವಿಂಗಡಿಸಬಹುದು.

ಚೆನ್ನಾಗಿ ಹೊಂದುವವು: ಉಪ್ಪು ಹಾಕಿ ಹುರಿದ ಶೇಂಗಾ, ಬೆಣ್ಣೆ ಸವರಿದ ಜೋಳದ ರೊಟ್ಟಿ, ಗಟ್ಟಿ ಚೀಸ್, ಕಡಿಮೆ ಖಾರದ ಮಸಾಲೆಯಲ್ಲಿ ಸುಟ್ಟ ಪನೀರ್, ಬೆಣ್ಣೆ ಮತ್ತು ಉಪ್ಪಿನಲ್ಲಿ ಹುರಿದ ಅಣಬೆ, ಕರಿಮೆಣಸಿನಲ್ಲಿ ಮಂದ ಉರಿಯಲ್ಲಿ ಬೇಯಿಸಿದ ಕುರಿಮಾಂಸ.

ಎಚ್ಚರದಿಂದ ಹೊಂದಿಸಬೇಕಾದವು: ಬದನೆಕಾಯಿ ಎಣ್ಣೆಗಾಯಿ. ಅದರ ಶೇಂಗಾ, ಎಳ್ಳು, ಗುರೆಳ್ಳು ಮತ್ತು ಎಣ್ಣೆಯ ಜಿಡ್ಡು ವೈನಿನ ಒಗರಿಗೆ ತಕ್ಕ ಜೋಡಿ. ಆದರೆ ಬೆಲ್ಲ, ಹುಣಸೆ ಮಿತವಾಗಿರಬೇಕು. ಖಾರಕ್ಕೆ ಬ್ಯಾಡಗಿ ಕಾಯಿ ಮಾತ್ರ ಬಳಸಬೇಕು. ಬಣ್ಣ ತುಂಬಿದ್ದು ಉರಿ ಕಡಿಮೆಯಾದ ಈ ಕಾಯಿಯ ಗುಣ ಇಲ್ಲಿ ನೇರವಾಗಿ ಪ್ರಯೋಜನಕ್ಕೆ ಬರುತ್ತದೆ. ಶೇಂಗಾ ಚಟ್ನಿಪುಡಿಯನ್ನು ಬೆಣ್ಣೆಯೊಡನೆ ಅಲ್ಪವಾಗಿ ಬಡಿಸಬಹುದು. ಸಾವಜಿ ಪದ್ಧತಿಯ ಮಾಂಸದ ಅಡುಗೆ ಮೈತುಂಬಿದ ವೈನಿಗೆ ತೂಕದಲ್ಲಿ ಸಮನಾದರೂ ಅದರ ಖಾರ ಇಳಿಸದೆ ಹೊಂದಾಣಿಕೆ ಸಾಧ್ಯವಿಲ್ಲ.

ಹೊಂದದವು: ಮಿರ್ಚಿ ಭಜಿ, ಹಸಿಮೆಣಸಿನಕಾಯಿ ಬಿದ್ದ ಗಿರಮಿಟ್, ರಂಜಕ, ಉಪ್ಪಿನಕಾಯಿ, ಹೋಳಿಗೆ ಮತ್ತು ಧಾರವಾಡ ಫೇಡೆ. ಸಿಹಿಯ ಮುಂದೆ ಎಂಥ ಬೆಲೆಯ ಬೋರ್ಡೊ ಆದರೂ ಹುಳಿಯಾಗಿ, ಕಹಿಯಾಗಿ ತೋರುತ್ತದೆ. ಈ ಪದಾರ್ಥಗಳು ಬಂದಾಗ ವೈನನ್ನು ಬದಿಗಿಟ್ಟು ಮಜ್ಜಿಗೆ ಕೊಡುವುದೇ ಸರಿಯಾದ ಮರ್ಯಾದೆ.

ತೆತ್ತ ಬೆಲೆ ಯಾವುದಕ್ಕೆ?

ಆಮದು ವೈನಿನ ಬೆಲೆಯನ್ನು ವಿಭಜಿಸಿ ನೋಡುವುದು ಉಪಯುಕ್ತ. 2021ರ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ ವೈನಿನ ಮೂಲ ಆಮದು ಸುಂಕವನ್ನು ಶೇಕಡಾ 50ಕ್ಕೆ ಇಳಿಸಿ, ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ಸನ್ನು ಶೇಕಡಾ 100ರಂತೆ ವಿಧಿಸಲಾಯಿತು. ಹೆಸರು ಬದಲಾದರೂ ಒಟ್ಟು ಹೊರೆ ಹಿಂದಿನಂತೆ ಶೇಕಡಾ 150. ಈ ದರದಲ್ಲಿ ಬಂದರಿನಲ್ಲಿ 1,000 ರೂಪಾಯಿ ಮೌಲ್ಯದ ಬಾಟಲಿಗೆ 1,500 ರೂಪಾಯಿ ಸುಂಕ ಸೇರಿ 2,500 ರೂಪಾಯಿ ಆಗುತ್ತದೆ. ಮಾನವ ಸೇವನೆಯ ಮದ್ಯ ಜಿಎಸ್‌ಟಿ ವ್ಯಾಪ್ತಿಯ ಹೊರಗಿರುವುದರಿಂದ ಇದರ ಮೇಲೆ ರಾಜ್ಯದ ಅಬಕಾರಿ ಹೊರೆ, ಬಳಿಕ ಆಮದುದಾರ, ವಿತರಕ ಮತ್ತು ಹೋಟೆಲಿನ ಲಾಭಾಂಶ ಸೇರುತ್ತವೆ. ಅಂದರೆ ಗ್ರಾಹಕ ತೆರುವ ಹಣದಲ್ಲಿ ದ್ರಾಕ್ಷಿಗೆ, ಪೀಪಾಯಿಗೆ, ತಯಾರಕನ ಕೌಶಲಕ್ಕೆ ಸಲ್ಲುವುದು ಸಣ್ಣ ಪಾಲು ಮಾತ್ರ. ಬಿಲ್ಲಿನ ಮೊತ್ತವನ್ನು ಗುಣದ ಅಳತೆಗೋಲೆಂದು ತಿಳಿಯಬಾರದು.

2026ರ ಜನವರಿ 27ರಂದು ಭಾರತ ಮತ್ತು ಐರೋಪ್ಯ ಒಕ್ಕೂಟಗಳು ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಪೂರ್ಣಗೊಂಡುದಾಗಿ ಘೋಷಿಸಿದವು. ವೈನಿನ ಸುಂಕವನ್ನು ಹಂತಹಂತವಾಗಿ ಇಳಿಸುವುದೂ ಅದರಲ್ಲಿ ಸೇರಿದೆ. ಒಪ್ಪಂದ ಜಾರಿಗೆ ಬಂದ ಮೇಲೆ ಫ್ರಾನ್ಸಿನ ಬಾಟಲಿಯೂ ನಂದಿ ಬೆಟ್ಟದ ಬಾಟಲಿಯೂ ಬೆಲೆಯಲ್ಲಿ ಹತ್ತಿರವಾಗುತ್ತವೆ. ಆಗ ಸುಂಕದ ಗೋಡೆಯ ಆಸರೆಯಿಲ್ಲದೆ ನಮ್ಮ ದ್ರಾಕ್ಷಿ ಬೆಳೆಗಾರರು ಗುಣದಿಂದಲೇ ನಿಲ್ಲಬೇಕಾಗುತ್ತದೆ. ಆದ್ದರಿಂದ ಗುಣವನ್ನು ನಿಷ್ಪಕ್ಷಪಾತವಾಗಿ ಗುರುತಿಸಬಲ್ಲ ಗ್ರಾಹಕರು ಹೆಚ್ಚುವುದು ಅವರ ಹಿತದೃಷ್ಟಿಯಿಂದಲೂ ಅಗತ್ಯ. ಎರಡು ಬಾಟಲಿಗಳಿಗೂ ಕಾಗದ ಸುತ್ತಿ, ಗುರುತು ಮರೆಮಾಡಿ, ಒಂದೇ ಉಷ್ಣತೆಯಲ್ಲಿ ಪರೀಕ್ಷಿಸಿದರೆ ಯಾವುದಕ್ಕೆ ಎಷ್ಟು ಕೊಡಬಹುದು ಎಂಬುದು ತಾನಾಗಿ ತಿಳಿಯುತ್ತದೆ.

ಆತಿಥ್ಯದ ಮಿತಿ

ನಮ್ಮ ಅನೇಕ ವ್ಯಾಪಾರಿ ಮನೆತನಗಳಲ್ಲಿ ಮದ್ಯಕ್ಕೆ ಸ್ಥಾನವಿಲ್ಲ. ವೈನ್ ಇಡಲೇಬೇಕೆಂಬ ನಿಯಮ ವ್ಯಾಪಾರದಲ್ಲಿಯೂ ಇಲ್ಲ. ಕುಡಿಯದ ಆತಿಥೇಯರು ಅತಿಥಿಗೆ ಉಷ್ಣತೆ, ಜೋಡಿ ಸರಿಯಾಗಿರುವಂತೆ ಏರ್ಪಡಿಸಿ, ತಮ್ಮ ಲೋಟಕ್ಕೆ ನೀರು ಹಾಕಿಸಿಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ. ಪರೀಕ್ಷೆಗೆ ಮೂಗೇ ಬಹುಪಾಲು ಸಾಕು. ವೃತ್ತಿಪರ ಪರೀಕ್ಷಕರು ಬಾಯಿಗೆ ಹಾಕಿದ್ದನ್ನು ಚಹಾ ಪರೀಕ್ಷಕರಂತೆ ಉಗುಳಿಬಿಡುತ್ತಾರೆ. ಇತರರನ್ನು ಒತ್ತಾಯಿಸುವುದು ಎಲ್ಲಿಯೂ ಶಿಷ್ಟಾಚಾರವಲ್ಲ. 750 ಮಿಲಿಲೀಟರಿನ ಬಾಟಲಿ 125 ಮಿಲಿಲೀಟರಿನ ಆರು ಲೋಟಗಳಾಗುತ್ತದೆ. ನಾಲ್ವರ ಊಟಕ್ಕೆ ಒಂದೇ ಧಾರಾಳ. ಉಳಿದದ್ದನ್ನು ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ಇರುತ್ತದೆಯಾದ್ದರಿಂದ ಮುಗಿಸಲೇಬೇಕೆಂಬ ಒತ್ತಡವಿಲ್ಲ. ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬಾರದು ಎಂದು ಬಾಟಲಿಯ ಮೇಲೆ ಮುದ್ರಿಸಿರುವುದು ಅಲಂಕಾರಕ್ಕಲ್ಲ. ಊಟದ ಬಳಿಕ ಹುಬ್ಬಳ್ಳಿಯಿಂದ ಗದಗಿನ ಕಡೆಗೆ ರಾತ್ರಿ ಹೊರಡುವವರು ಕುಡಿಯದ ಚಾಲಕನನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಸೊರಟೂರಿನ ವರ್ತಕರಿಗೆ ಅದೇ ಅತಿಥಿಯನ್ನು ಇನ್ನೊಮ್ಮೆ ಕರೆಯುವ ಅವಕಾಶ ಬಂದರೆ ಅವರು ಹೆಚ್ಚು ಖರ್ಚು ಮಾಡಬೇಕಿಲ್ಲ. ಬಾಟಲಿಯನ್ನು ಮೊದಲೇ ತಂಪಾಗಿಸಲು ಹೇಳಬೇಕು. ಆರಂಭಕ್ಕೆ ತಮ್ಮ ಹೊಲದ ಶೇಂಗಾವನ್ನೇ ಉಪ್ಪು ಹಾಕಿ ಹುರಿಸಬೇಕು. ಎಣ್ಣೆಗಾಯಿಗೆ ತಮ್ಮದೇ ಮಾಲಿನ ಬ್ಯಾಡಗಿ ಕಾಯಿ ಬಳಸಲು ತಿಳಿಸಬೇಕು. ಕಡಿಮೆ ಖಾರದಲ್ಲಿ ಇಷ್ಟು ಬಣ್ಣ ಹೇಗೆ ಬಂತೆಂದು ಅತಿಥಿ ಕೇಳಿದರೆ, ಮಾದರಿಯ ಚೀಲ ಬಿಚ್ಚದೆಯೇ ಮಾಲಿನ ಪರಿಚಯ ಆದಂತಾಯಿತು. ಮಿರ್ಚಿ ಭಜಿಯನ್ನು ಮರುದಿನ ಸಂಜೆಯ ಚಹಾದೊಡನೆ, ಗದಗಿನಲ್ಲಿಯೇ ತಿನ್ನಿಸಿದರಾಯಿತು.